ಪಗಾರ, ಕರಾರು ಮತ್ತು ಅಳ್ನಾವರ ಜಂಕ್ಷನ್

ಮಳೆ ನಿಂತ ಮೇಲೆ ಅಳ್ನಾವರದ ಮೈದಾನದಲ್ಲಿ ನೀರು ಇಂಗಲೆಂದು ಕಾಯುತ್ತ ಕೂತಿದ್ದೆವು. ಸ್ಟಾಪರ್ ಆಡುವ ಹುಡುಗನೊಬ್ಬ ಕೇಳಿದ: "ಸರ, ಆ ಸ್ಲಾವ್ಕೊ ಯಾವೂರಾಂವ್ರೀ?" ಸ್ಲಾವ್ಕೊ ದಮ್ಯಾನೊವಿಚ್ 2023-24ರಲ್ಲಿ ಬೆಂಗಳೂರು ಎಫ್‌ಸಿಗೆ ಆಡಿದ ಡಿಫೆಂಡರ್, ಮಾಂಟೆನೆಗ್ರೊ ದೇಶದ ನಿಕ್ಷಿಚ್ ಪಟ್ಟಣದವನು. ಆ ದೇಶದ ಜನಸಂಖ್ಯೆ ಸುಮಾರು 6.2 ಲಕ್ಷ ಎಂದೆ. 2011ರ ಜನಗಣತಿಯಲ್ಲಿ ನಮ್ಮ ಧಾರವಾಡ ಜಿಲ್ಲೆಯೊಂದರಲ್ಲೇ 18 ಲಕ್ಷ ದಾಟಿತ್ತು. ಹುಡುಗ ಮನಸ್ಸಿನಲ್ಲೇ ಭಾಗಿಸಿ ನನ್ನ ಮುಖ ನೋಡಿದ.

ಈ ಲೇಖನಕ್ಕೆ ಆ ನೋಟ ಒಂದು ಕಾರಣ. ಇನ್ನೊಂದು, ಈಚೆಗೆ ಎಲ್ಲ ಕಡೆ ಕೇಳಿಬರುವ ಮಾತು: ಕರ್ನಾಟಕದಲ್ಲಿ ವೃತ್ತಿಪರ ಫುಟ್ಬಾಲ್ ಹುಟ್ಟಿದ್ದೇ 2013ರ ಜುಲೈಯಲ್ಲಿ, ಬೆಂಗಳೂರು ಎಫ್‌ಸಿ ಜೊತೆಗೆ, ಅದಕ್ಕೂ ಹಿಂದಿನದು ಹವ್ಯಾಸಿಗಳ ಕಾಲ. ನೀಲಿ ಅಂಗಿ ತೊಟ್ಟ ತರುಣರು ಹೀಗಂದರೆ ತಡೆದುಕೊಳ್ಳಬಹುದು. ಹಳೆಯ ಆಟಗಾರರೇ ತಲೆಯಾಡಿಸಿದರೆ ಸಿಟ್ಟು ಬರುತ್ತದೆ.

ದಂಡಿನ ಪ್ರದೇಶದ ಸೋಲ್ಜರುಗಳು ಆಟ ತಂದದ್ದು, ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಗಲ್ಲಿಗಳಿಗೆ ಅದು ಇಳಿದದ್ದು ಹಲವರು ಬರೆದ ಕಥೆ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ರೋವರ್ಸ್ ಕಪ್ ಗೆದ್ದಿತು. ಮಿಲಿಟರಿಯವರಲ್ಲದ ಭಾರತೀಯರಿಗೆ ಆ ಕಪ್ ಸಿಕ್ಕಿದ್ದು ಅದೇ ಮೊದಲು. ಮರುವರ್ಷವೂ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ ಎರಡು ಪೆನಾಲ್ಟಿ ಕಳೆದುಕೊಂಡು 1-2ರಿಂದ ಸೋತಾಗ, ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದ ಅಹ್ಮದ್ ಖಾನ್ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲಿನ 'ಪಂಚಪಾಂಡವ'ರಲ್ಲಿ ಒಬ್ಬರಾದರು. 1956ರಲ್ಲಿ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದ ಹಾಫ್‌ಬ್ಯಾಕ್ ಕೆಂಪಯ್ಯ. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತು, ನಾಲ್ಕೂ ಸಲ ಫೈನಲ್‌ನಲ್ಲಿ ಬಂಗಾಳವನ್ನೇ ಸೋಲಿಸಿ. ಕೊನೆಯ ಎರಡು ಗೆಲುವು 1967-68 ಮತ್ತು 1968-69ರಲ್ಲಿ, ಬೆನ್ನುಬೆನ್ನಿಗೆ.

ನಾನು ನಿಲ್ಲಬೇಕೆಂದಿರುವುದು ಆಮೇಲಿನ ಕಾಲದಲ್ಲಿ. ಐಟಿಐ, ಎಚ್‌ಎಎಲ್, ಬಿಇಎಲ್, ಸೇನೆಯ ಎಂಇಜಿ, ಎಎಸ್‌ಸಿ: ಬೆಂಗಳೂರಿನ ಲೀಗ್ ಎಂದರೆ ಈ ಹೆಸರುಗಳೇ. ಹುಡುಗ ಹದಿನೆಂಟಕ್ಕೆ ಸೆಲೆಕ್ಷನ್ನಿಗೆ ಹೋಗುತ್ತಿದ್ದ. ಆರಿಸಿಕೊಂಡರೆ ಸ್ಪೋರ್ಟ್ಸ್ ಕೋಟಾದಲ್ಲಿ ಕ್ಲಾರ್ಕೋ ಹೆಲ್ಪರೋ ಆಗುತ್ತಿದ್ದ. ಬೆಳಿಗ್ಗೆ ಪ್ರಾಕ್ಟೀಸು, ಆಮೇಲೆ ಹಾಜರಿ, ಪಂದ್ಯವಿದ್ದರೆ ರಜೆ, ಗೆದ್ದರೆ ಕೆಲವೊಮ್ಮೆ ಇಂಕ್ರಿಮೆಂಟು. ಮೂವತ್ತೆರಡಕ್ಕೆ ಮಂಡಿ ಹೋದರೂ ಕುರ್ಚಿ ಹೋಗುತ್ತಿರಲಿಲ್ಲ. ಮಗಳ ಮದುವೆಗೆ ಪಿಎಫ್ ಸಾಲ, ಕೊನೆಗೆ ಪಿಂಚಣಿ. ನಾನೂ ಹುಬ್ಬಳ್ಳಿಯ ಒಂದು ಇಲಾಖೆಯ ತಂಡಕ್ಕೆ ಹನ್ನೊಂದು ವರ್ಷ ಆಡಿ, ಉಳಿದ ಇಪ್ಪತ್ತನಾಲ್ಕು ವರ್ಷ ಅದೇ ಇಲಾಖೆಯ ಫೈಲು ಹೊತ್ತು ನಿವೃತ್ತನಾದವನು. ಹಾಗಾಗಿ ನನ್ನ ಮಾತಿಗೆ ಸ್ವಲ್ಪ ಸೋಡಿ ಬಿಟ್ಟೇ ಓದಿರಿ. ಆದರೆ ಆಟಕ್ಕಾಗಿಯೇ ನೇಮಕವಾಗಿ, ಆಟದಿಂದಲೇ ಮನೆ ಕಟ್ಟಿದವನನ್ನು ಹವ್ಯಾಸಿ ಎನ್ನುವುದು ಯಾವ ನಿಘಂಟಿನ ಅರ್ಥವೋ ಕಾಣೆ.

ಆ ವ್ಯವಸ್ಥೆಯ ದೋಷವೂ ಗೊತ್ತು. ಮೂವತ್ತೈದಾದರೂ ಜಾಗ ಬಿಡದವರು, ಸಾಹೇಬರ ಶಿಫಾರಸಿನ ಗೋಲಿಗಳು, ನೌಕರಿ ಕಾಯಂ ಆದ ಮರುದಿನದಿಂದ ಬೊಜ್ಜು ಬೆಳೆಸಿದ ಫಾರ್ವರ್ಡುಗಳು. ಇವರಲ್ಲಿ ಕೆಲವರು ನನ್ನ ಗೆಳೆಯರೇ.

ಕಾರ್ಲ್‌ಟನ್ ಚಾಪ್ಮನ್ ಈ ಚೌಕಟ್ಟು ಮುರಿದರು. ಬೆಂಗಳೂರಿನ ಹುಡುಗ, ಕಲಿತದ್ದು ಜಮ್‌ಶೆಡ್‌ಪುರದ ಟಾಟಾ ಅಕಾಡೆಮಿಯಲ್ಲಿ, 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿ ಇರಾಕಿನ ಅಲ್ ಜವ್ರಾ ಮೇಲೆ ಹ್ಯಾಟ್ರಿಕ್ ಹೊಡೆದರು. ಆಮೇಲೆ ಪಂಜಾಬಿನ ಜೆಸಿಟಿ. 1996-97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದದ್ದು ಆ ತಂಡವೇ. ದೇಶದ ನಾಯಕರಾದರು. 2020ರ ಅಕ್ಟೋಬರ್‌ನಲ್ಲಿ, 49ನೇ ವಯಸ್ಸಿಗೇ ತೀರಿಕೊಂಡರು. ಷಣ್ಮುಗಂ ವೆಂಕಟೇಶ್ ಅದೇ ದಾರಿ ಹಿಡಿದು ಮುಂಬೈಯ ಮಹೀಂದ್ರ ಯುನೈಟೆಡ್‌ಗೆ ಆಡಿದರು. ಕರಾರಿನ ಬದುಕು ನಮ್ಮವರಿಗೆ ಗೊತ್ತಾದದ್ದು ಹೀಗೆ. ಕರಾರು ಕೊಟ್ಟವರ ಗತಿಯೇನಾಯಿತು? ಮಹೀಂದ್ರ 2010ರಲ್ಲಿ, ಜೆಸಿಟಿ 2011ರಲ್ಲಿ ಬಾಗಿಲು ಹಾಕಿದವು. ಇತ್ತ 1991ರ ನಂತರ ಸರ್ಕಾರಿ ಕಾರ್ಖಾನೆಗಳ ನೇಮಕಾತಿ ಸೊರಗಿತು. ಎಚ್‌ಎಎಲ್ 2010ರಿಂದ ಎರಡು ಸೀಸನ್ ಐ-ಲೀಗ್‌ನಲ್ಲಿ ನಿಂತು ಕೆಳಗಿಳಿಯಿತು.

ಬೆಂಗಳೂರು ಎಫ್‌ಸಿಯ ಸಾಧನೆ ಸಣ್ಣದಲ್ಲ. ಮೊದಲ ಸೀಸನ್ನಿನಲ್ಲೇ ಐ-ಲೀಗ್, 2016ರಲ್ಲಿ ಎಎಫ್‌ಸಿ ಕಪ್ ಫೈನಲ್, 2018-19ರಲ್ಲಿ ಐಎಸ್‌ಎಲ್. ಸುನಿಲ್ ಛೇತ್ರಿಯನ್ನು ನೋಡಲೆಂದೇ ನಮ್ಮ ಹುಡುಗರು ರಾತ್ರಿ ಗಾಡಿ ಹತ್ತಿ ಕಂಠೀರವಕ್ಕೆ ಹೋಗಿಬಂದಿದ್ದಾರೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ತಂದಿತು. ಪತ್ರಿಕೆಗಳು ಅದಕ್ಕೆ ಕೊಟ್ಟ ಜಾಗ ಮಾತ್ರ ಕ್ರಿಕೆಟ್ ಹರಾಜಿನ ಸುದ್ದಿಗಿಂತ ಕಡಿಮೆ.

ಎರಡು ವಾರದ ಬಳಿಕ ಗೋವಾದ ಫತೋರ್ಡಾದಲ್ಲಿ ಐಎಸ್‌ಎಲ್ ಫೈನಲ್. 2-2 ಆಗಿ, ಪೆನಾಲ್ಟಿಯಲ್ಲಿ ಬೆಂಗಳೂರು ಸೋತಿತು. ಗೆದ್ದ ಮೋಹನ್ ಬಗಾನ್ ತಂಡದಲ್ಲಿದ್ದ ಸ್ಲಾವ್ಕೊ ಕೆಲವೇ ತಿಂಗಳಲ್ಲಿ ಸೋತ ತಂಡದ ಅಂಗಿ ತೊಟ್ಟ. ಸರ್ಬಿಯಾದ ಕ್ಲಬ್ಬುಗಳು, ದಕ್ಷಿಣ ಆಫ್ರಿಕಾದ ಬಿಡ್‌ವೆಸ್ಟ್ ವಿಟ್ಸ್, ಚೆನ್ನೈ, ಕೋಲ್ಕತ್ತ, ಬೆಂಗಳೂರು: ಹೊಲ ಹುಡುಕಿಕೊಂಡು ಸುಗ್ಗಿಗೆ ಹೋಗುವ ಕೂಲಿಯಾಳಿನ ಹಾಗೆ ತಿರುಗಾಟ. ಅವನೇನೂ ದಂತಕಥೆಯಲ್ಲ. ಅವನ ದೇಶದ ದಂತಕಥೆಗಳು ಬೇರೆ. ಪ್ರೆದ್ರಾಗ್ ಮಿಯಾತೊವಿಚ್ 1998ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಚಾಂಪಿಯನ್ಸ್ ಲೀಗ್ ತಂದುಕೊಟ್ಟ ಏಕೈಕ ಗೋಲು ಹೊಡೆದವರು. ರೋಮಾ, ಯುವೆಂಟಸ್‌ಗಳಲ್ಲಿ ಆಡಿದ ಮಿರ್ಕೊ ವೂಚಿನಿಚ್ ನಿಕ್ಷಿಚ್‌ನವರೇ. ನನಗೆ ಮುಖ್ಯವೆನಿಸುವುದು ಸ್ಲಾವ್ಕೊನಂಥ ನಡುದರ್ಜೆಯವರು. ನಿಕ್ಷಿಚ್‌ನಲ್ಲಿ ಸುತ್ಯೆಸ್ಕಾ, ರಾಜಧಾನಿ ಪೊದ್ಗೊರಿಕಾದಲ್ಲಿ ಬುದುಚ್‌ನೊಸ್ತ್ ಎಂಬ ಹಳೆಯ ಕ್ಲಬ್ಬುಗಳಿವೆ. ಹೊರದೇಶಕ್ಕೆ ಹೋಗುವ ಮುನ್ನ ಹುಡುಗನಿಗೆ ಮನೆಯ ಹತ್ತಿರ ಒಂದು ಲೀಗ್ ಸಿಗುತ್ತದೆ.

ಮೇಲೆ ಹೆಸರಿಸಿದ ನಮ್ಮವರನ್ನು ಮತ್ತೊಮ್ಮೆ ಓದಿರಿ. ಎಲ್ಲರೂ ಬೆಂಗಳೂರಿನವರು. ಬೇಕೆಂದೇ ಆರಿಸಿದ್ದಲ್ಲ, ಬರೆಯುತ್ತ ಹೋದಂತೆ ಹೀಗೇ ಆಯಿತು. ಅಲ್ಲಿನ ಗೌತಮಪುರದ ಗಲ್ಲಿಯಲ್ಲಿ ಪೆಲೆಯ ಪ್ರತಿಮೆ ಇದೆ. ಕಲಘಟಗಿಯಲ್ಲಿ, ನವಲಗುಂದದಲ್ಲಿ ಆಡುವ ಹುಡುಗ ಜಿಲ್ಲಾ ಸೆಲೆಕ್ಷನ್ ದಾಟಿದರೆ ಮುಂದಿನ ಮೆಟ್ಟಿಲು ನಾನೂರು ಕಿಲೋಮೀಟರ್ ದೂರ. ಗೋವಾವೋ, ಘಟ್ಟ ಇಳಿದರೆ ಬಂತು. 2004-05ರಿಂದ 2012-13ರ ತನಕ ಒಂಬತ್ತು ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಎಂಟು ಡೆಂಪೊ, ಚರ್ಚಿಲ್, ಸಾಲ್ಗಾಂವ್ಕರ್ ಎಂಬ ಗೋವಾದ ಮೂರು ಕ್ಲಬ್ಬುಗಳ ಪಾಲಾದವು. ಆ ಹಾದಿಯನ್ನೂ ನಾವು ಬಳಸಿಕೊಳ್ಳಲಿಲ್ಲ.

ಸ್ಟಾಪರ್ ಹುಡುಗನ ಅಪ್ಪ ಹಮಾಲಿ. ಮೊನ್ನೆ ಮೈದಾನದ ಅಂಚಿಗೆ ಬಂದು, ಟವೆಲ್ ಹೆಗಲಿಗೆ ಹಾಕಿಕೊಂಡು ಕೇಳಿದ: "ಇದರಾಗ ಪಗಾರ ಐತೇನ್ರೀ, ಸರ?" ನನ್ನ ಕಾಲದಲ್ಲಾಗಿದ್ದರೆ ಯಾವ ಆಫೀಸಿಗೆ ಅರ್ಜಿ ಹಾಕಬೇಕೆಂದು ಹೇಳಿಬಿಡುತ್ತಿದ್ದೆ. ಅಷ್ಟರಲ್ಲಿ ಸ್ಟೇಷನ್ ಕಡೆಯಿಂದ ಅಮರಾವತಿ ಎಕ್ಸ್‌ಪ್ರೆಸ್ ಕೂಗಿತು. ಒಂದು ತುದಿಗೆ ವಾಸ್ಕೊ, ಇನ್ನೊಂದು ತುದಿಗೆ ಹೌರಾ. ದೇಶದ ಫುಟ್ಬಾಲಿನ ಎರಡೂ ರಾಜಧಾನಿಗಳಿಗೆ ಹೋಗುವ ಗಾಡಿ ನಮ್ಮೂರಿನ ಮೇಲೆಯೇ ಹಾದುಹೋಗುತ್ತದೆ. ಅದರ ಸದ್ದು ತಗ್ಗುವವರೆಗೂ ಆತ ಉತ್ತರಕ್ಕೆ ಕಾದು ನಿಂತಿದ್ದ.