ಮೂಲ ಕೇಳಿ

ನಮ್ಮ ತೇರದಾಳದ ಕಡೆ ‘ಮೂಲ’ ಎಂಬ ಶಬ್ದಕ್ಕೆ ಬೆಲೆ ದೊಡ್ಡದು. ಹೊಲ ಕೊಳ್ಳುವವರು ಮೂಲ ಕಾಗದ ಕೇಳುತ್ತಾರೆ, ಹಳೆಯ ಉತಾರ ತೆಗೆಸಿ ನೋಡುತ್ತಾರೆ. ಕೂಸು ಮೂಲಾ ನಕ್ಷತ್ರದಲ್ಲಿ ಹುಟ್ಟಿದರೆ ಶಾಂತಿ ಮಾಡಿಸುತ್ತಾರೆ. ಅದೇ ಶಬ್ದ ವ್ಯಾಧಿಯ ಜೊತೆ ಕೂಡಿದಾಗ ಮಾತ್ರ ಯಾರೂ ಮುಂದೆ ಕೇಳುವುದಿಲ್ಲ.

‘ಹೊರಕಡಿಗಿ ಹೋದಾಗ ರಕ್ತ ಬೀಳಾಕತ್ತೇತಿ.’

‘ಮೂಲವ್ಯಾಧಿ ಇರಬೇಕ್ ಬಿಡೋ, ಉಷ್ಣ ಆಗೇತಿ. ಮಜ್ಜಿಗಿ ಕುಡಿ.’

ಮಾತು ಅಲ್ಲಿಗೆ ಮುಗಿಯುತ್ತದೆ. ಬಹಳ ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ, ನಿಜ. ಹಿಂದಿನವರು ಅದನ್ನೂ ಹಗುರ ಮಾಡಿದವರಲ್ಲ. ಸುಶ್ರುತ ಅರ್ಶಸ್ಸನ್ನು ಎಂಟು ಮಹಾರೋಗಗಳಲ್ಲಿ ಎಣಿಸಿದ್ದಾನೆ. ಆದರೆ ದೊಡ್ಡ ಕರುಳಿನ ಕ್ಯಾನ್ಸರಿನ ರಕ್ತವೂ ಅದೇ ದಾರಿಯಲ್ಲಿ ಬರುತ್ತದೆ, ಮತ್ತು ನಾವು ಅದಕ್ಕೂ ಇದೇ ಹೆಸರಿಟ್ಟು ತಿಂಗಳುಗಟ್ಟಲೆ ಸುಮ್ಮನಿರುತ್ತೇವೆ.

ಪ್ರಯೋಗಾಲಯದವರು ಮೂಲ ಹುಡುಕುವ ಹಟ ನೋಡಿ. ಜೀವಕೋಶದ ಆರ್‌ಎನ್‌ಎ ಸಾಮಾನ್ಯವಾಗಿ ಎರಡು ತುದಿಯ ಎಳೆ. ಕಿಣ್ವಗಳು ತುದಿಯಿಂದ ಕತ್ತರಿಸುತ್ತ ಅದನ್ನು ಮುಗಿಸುತ್ತವೆ. ಕೆಲವು ಎಳೆಗಳ ತುದಿಗಳು ಒಂದಕ್ಕೊಂದು ಕೂಡಿ ಉಂಗುರವಾಗುತ್ತವೆ. ತುದಿಯೇ ಇಲ್ಲದ್ದರಿಂದ ಅವು ಹೆಚ್ಚು ಕಾಲ ಬಾಳುತ್ತವೆ. ಸಿಐಆರ್‌ಎಸ್-7 ಅಂಥದೊಂದು ಉಂಗುರ. ಮೈಆರ್-7 ಎಂಬ ಪುಟ್ಟ ಆರ್‌ಎನ್‌ಎ ಬಂದು ಅಂಟಿಕೊಳ್ಳಲು ಇದರಲ್ಲಿ 70ಕ್ಕೂ ಹೆಚ್ಚು ಜಾಗಗಳಿವೆ ಎಂದು 2013ರಲ್ಲಿ ಗೊತ್ತಾಯಿತು. ಮೈಆರ್-7 ಕೋಶಗಳ ಅತಿ ಬೆಳವಣಿಗೆಯನ್ನು ತಡೆಯುತ್ತದೆ. ಉಂಗುರ ಅದನ್ನು ಹಿಡಿದಿಟ್ಟರೆ ಗಡ್ಡೆಗೆ ತಡೆ ಇಲ್ಲದಂತಾಗುತ್ತದೆ ಎಂಬ ವಾದ ಹುಟ್ಟಿತು. ಕರುಳಿನ ಗಡ್ಡೆಗಳಲ್ಲಿ ಉಂಗುರ ಹೆಚ್ಚಾಗಿ ಕಂಡದ್ದೂ ಹೌದು. ಆದರೂ 2020ರಲ್ಲಿ ಡೆನ್ಮಾರ್ಕಿನ ಸಂಶೋಧಕರು, ಈ ಉಂಗುರ ಗಡ್ಡೆಯೊಳಗಿನ ಯಾವ ಕೋಶದ್ದು ಎಂದು ಕೇಳಿದರು. ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಅದು ಇರಲೇ ಇಲ್ಲ. ಅವುಗಳ ಸುತ್ತ ಆಸರೆಯಾಗಿ ನಿಂತ ಬೇರೆ ಕೋಶಗಳಲ್ಲಿ ಇತ್ತು. ಒಪ್ಪಿಕೊಂಡಿದ್ದ ವಾದವನ್ನೇ ಮತ್ತೆ ತೂಗಿ ನೋಡಬೇಕಾಯಿತು. ಅಷ್ಟು ದೂರದವರು ಒಂದು ಅಣುವಿನ ಮೂಲಕ್ಕೆ ಇಷ್ಟು ಕಷ್ಟಪಡುವಾಗ ನಮ್ಮ ಮೈಯ ರಕ್ತದ ಮೂಲವನ್ನು ನಾವು ಕೇಳದಿರುವುದು ನನಗೆ ಸಂಕಟದ ವಿಷಯ. ನದಿಮೂಲ, ಋಷಿಮೂಲ ಕೇಳಬಾರದೆಂಬ ಗಾದೆಯನ್ನು ರೋಗಕ್ಕೆ ಹಚ್ಚಬಾರದು.

ಇಂಥ ಉಂಗುರಗಳನ್ನು ರಕ್ತದಲ್ಲೇ ಗುರುತಿಸಿ ಕ್ಯಾನ್ಸರ್ ಪತ್ತೆ ಮಾಡುವ ಕೆಲಸ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಅದಕ್ಕಾಗಿ ಕಾಯಬೇಕಿಲ್ಲ. ಡಾಕ್ಟರು ಬೆರಳಿನಿಂದ ಮಾಡುವ ತಪಾಸಣೆ ಇದೆ, ಬೇಕೆಂದರೆ ಬೆಳಗಾವಿ, ಹುಬ್ಬಳ್ಳಿಯಲ್ಲಿ ಕೊಲೊನೋಸ್ಕೋಪಿ ಇದೆ. ರಕ್ತ ಮತ್ತೆ ಮತ್ತೆ ಕಂಡರೆ, ಮಲವಿಸರ್ಜನೆಯ ರೂಢಿ ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ, ವಯಸ್ಸು 50 ದಾಟಿರದಿದ್ದರೂ ನಾಚಿಕೆ ಬಿಟ್ಟು ಹೋಗಿ ತೋರಿಸಿಕೊಳ್ಳಿ. ಮನೆಯ ಹಿರಿಯರು ಹೇಳಿಕೊಳ್ಳದಿದ್ದರೆ ನೀವೇ ಕೇಳಿ.