‘ಸ್ಯಾಂಕ್ಷನ್’ ಆಯಿತು ಅಂದರೆ ಹಣ ಕೈಗೆ ಬಂತೇ? ‘ಕೊಡು’ ಎಂಬರ್ಥದ ಇಂಗ್ಲಿಷ್ ಪದಗಳ ವ್ಯತ್ಯಾಸ ತಿಳಿಯಿರಿ

‘ನಿಮ್ಮ ಸಾಲ ಸ್ಯಾಂಕ್ಷನ್ ಆಗಿದೆ, ಫೈಲ್ ಚಾರ್ಜ್ ಕಟ್ಟಿದರೆ ಇವತ್ತೇ ಹಣ’ ಎಂಬ ಧಾಟಿಯ ಸಂದೇಶ ಇಂಡಿಯ ನಿಂಬೆ ಬೆಳೆಗಾರರಿಗೆ ಬರಬಹುದು, ಸಿಂದಗಿಯ ತೊಗರಿ ಬೆಳೆಗಾರರಿಗೂ ಬರಬಹುದು. ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಅಂಗಡಿಕಾರರ ಗುಂಪಿನಲ್ಲೂ ಫಾರ್ವರ್ಡ್ ಆಗಬಹುದು. ಓದಿದವರು ‘ಹಣ ಕೊಟ್ಟಾಯಿತು’ ಎಂದುಕೊಳ್ಳುತ್ತಾರೆ. ಆದರೆ ಸ್ಯಾಂಕ್ಷನ್ ಅಂದರೆ ಕೊಟ್ಟಂತಲ್ಲ.

ನಾವು ದಿನಬಳಕೆಯಲ್ಲಿ ಉದ್ರಿ, ಕೈಗಡ, ದೇಣಿಗೆ ಎಂದು ಬೇರೆ ಬೇರೆಯಾಗಿ ಹೇಳುತ್ತೇವೆ. ಇಂಗ್ಲಿಷ್ ಪದಗಳಲ್ಲೂ ಅಂಥದೇ ವ್ಯತ್ಯಾಸವಿದೆ.

ಸ್ಯಾಂಕ್ಷನ್: ಮಂಜೂರಾತಿ ಮಾತ್ರ. ಹಣ ಇನ್ನೂ ಕೊಡುವವರ ಬಳಿಯೇ ಇದೆ.

ರಿಲೀಸ್: ಕೊಡುವವರು ಹಣ ಬಿಡುಗಡೆ ಮಾಡಿದ್ದಾರೆ. ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, ತಲಾ 2,000ದ ಮೂರು ಕಂತು. ಕಂತು ರಿಲೀಸ್ ಆದ ಸುದ್ದಿ ಬಂದರೂ ಇ-ಕೆವೈಸಿ ಆಗದಿದ್ದರೆ ನಿಮ್ಮ ಹಣ ತಡೆಯಾಗಬಹುದು.

ಡಿಸ್ಬರ್ಸ್: ಮಂಜೂರಾದ ಹಣವನ್ನು ಪಾವತಿಸುವುದು.

ಕ್ರೆಡಿಟ್: ಹಣ ಖಾತೆಗೆ ಜಮೆಯಾಗಿದೆ. ಡೆಬಿಟ್ ಅಂದರೆ ಖಾತೆಯಿಂದ ಹೋಗಿದೆ.

ಲೆಂಡ್: ಸಾಲ ಅಥವಾ ಎರವಲು ಕೊಡುವುದು. ವಾಪಸ್ ಕೊಡಲೇಬೇಕು.

ಡೊನೇಟ್: ದೇಣಿಗೆ ಕೊಡುವುದು. ವಾಪಸ್ ಕೇಳುವಂತಿಲ್ಲ.

ಗ್ರಾಂಟ್: ಸರ್ಕಾರ ಅಥವಾ ಸಂಸ್ಥೆ ಕೊಡುವ ಅನುದಾನ. ಸಾಮಾನ್ಯವಾಗಿ ವಾಪಸ್ ಕೊಡಬೇಕಿಲ್ಲ, ಆದರೆ ಷರತ್ತುಗಳಿರುತ್ತವೆ. ಜಮೀನಿನ ಕಾಗದದಲ್ಲಿ ಈ ಪದವಿದ್ದರೆ ಎಚ್ಚರ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಗ್ರಾಂಟ್ ಮಾಡಿದ ಜಮೀನನ್ನು, ರಾಜ್ಯದ 1978ರ ಕಾಯ್ದೆಯ ಪ್ರಕಾರ, ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ಕೊಂಡವರ ಹಣವೂ ಮುಳುಗಬಹುದು.

ಹಾಗಾದರೆ ಆ ‘ಫೈಲ್ ಚಾರ್ಜ್’? ಡಿಜಿಟಲ್ ಸಾಲದ ಬಗ್ಗೆ ಆರ್‌ಬಿಐ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರಂತೆ ಮಧ್ಯವರ್ತಿ ಆ್ಯಪ್‌ಗಳ ಶುಲ್ಕವನ್ನು ಸಾಲ ಕೊಡುವ ಸಂಸ್ಥೆಯೇ ಭರಿಸಬೇಕು, ಸಾಲಗಾರರಿಂದ ನೇರವಾಗಿ ವಸೂಲು ಮಾಡುವಂತಿಲ್ಲ. ಆದ್ದರಿಂದ ಯಾರದೋ ನಂಬರಿಗೆ ಮೊದಲೇ ದುಡ್ಡು ಹಾಕಿ ಎಂದರೆ ಅದು ಮೋಸ ಎಂದೇ ತಿಳಿಯಿರಿ.

ಇನ್ನೊಂದು ಮಾತು. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು ಮತ್ತು ಬ್ಯಾಲೆನ್ಸ್ ನೋಡಲು. ಹಣ ಪಡೆಯಲು ಪಿನ್ ಬೇಡ.

ಏನು ಮಾಡಬೇಕು?
• ‘ಕ್ರೆಡಿಟ್’ ಎಂಬ ಎಸ್‌ಎಂಎಸ್ ನಕಲಿಯೂ ಇರಬಹುದು. ಪಾಸ್‌ಬುಕ್ ಅಥವಾ ಬ್ಯಾಂಕಿನ ಆ್ಯಪ್‌ನಲ್ಲಿ ಬ್ಯಾಲೆನ್ಸ್ ನೋಡಿ.
• ಲಿಂಕ್ ಒತ್ತುವ ಬದಲು ನಿಮ್ಮ ಶಾಖೆಗೆ ಹೋಗಿ ಕೇಳಿ.
• ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸಂದೇಶ ಫಾರ್ವರ್ಡ್ ಮಾಡುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಹಣ ಈಗ ಯಾರ ಬಳಿ ಇದೆ?