ಒಂದು ಹಸಿರು ಹರಳು, ಎರಡು ನಾಮಕರಣ

1984ರ ‘ಮಿನರಲಾಜಿಕಲ್ ಮ್ಯಾಗಜೀನ್’ ಎಂಬ ಬ್ರಿಟಿಷ್ ಪತ್ರಿಕೆಯ 48ನೇ ಸಂಪುಟ. 541ನೇ ಪುಟದಿಂದ ವಿಯೆನ್ನಾದ ಹೆರ್ಟಾ ಎಫೆನ್‌ಬರ್ಗರ್ ಮತ್ತು ಯೋಸೆಫ್ ಝೆಮನ್ ಬರೆದ ಲೇಖನ ಶುರುವಾಗುತ್ತದೆ: ಕರಾಟಿಯೈಟ್ ಎಂಬ ಖನಿಜದ ಹರಳು ರಚನೆ. ಅದೇ ಸಂಚಿಕೆಯಲ್ಲಿ, ಅದಕ್ಕೂ ಮುಂಚಿನ ಪುಟಗಳಲ್ಲಿ, ಆ ಖನಿಜದ ಮೊದಲ ವರ್ಣನೆಯೂ ಇದೆ. 1868ರಲ್ಲಿ ಇಟಲಿಯ ವೆಸೂವಿಯಸ್ ಜ್ವಾಲಾಮುಖಿ ಉಗುಳಿದ್ದರಲ್ಲಿ ಸಿಕ್ಕ ಹೊಸ ಸಲ್ಫೇಟ್ ಎಂದು. ಹೆಸರಿದೆ, ಊರಿದೆ, ಯಾವ ಪರಮಾಣು ಎಲ್ಲಿ ಕೂತಿದೆ ಎಂಬ ಲೆಕ್ಕವೂ ಇದೆ. ಆದರೆ ಇವತ್ತು ಅಂಗೀಕೃತ ಖನಿಜಗಳ ಪಟ್ಟಿ ತೆರೆದರೆ ಕರಾಟಿಯೈಟ್ ಎಂಬ ಖನಿಜವೇ ಇಲ್ಲ.

ಖನಿಜದ ಹೆಸರು ಬಿದ್ದುಹೋಗುವುದು ಅಪರೂಪವೇನಲ್ಲ. ಅಳತೆ ತಪ್ಪಿದ್ದರೆ ಹೆಸರು ಹೋಗುತ್ತದೆ. ಎರಡು ಖನಿಜಗಳ ಬೆರಕೆಯನ್ನು ಒಂದೇ ಎಂದು ಭ್ರಮಿಸಿದ್ದರೆ ಹೋಗುತ್ತದೆ. ಇಲ್ಲಿ ಅದ್ಯಾವುದೂ ಆಗಿಲ್ಲ. ವಿಯೆನ್ನಾದವರ ಲೆಕ್ಕ ಸರಿಯಾಗಿತ್ತು, ಈಗಲೂ ಜನ ಅದನ್ನೇ ಉಲ್ಲೇಖಿಸುತ್ತಾರೆ. ಲೆಕ್ಕ ಉಳಿದು ಹೆಸರು ಮಾತ್ರ ಹೋಗಿದ್ದು ಹೇಗೆ? ಹಳೆಯ ಸಂಚಿಕೆಗಳ ಸ್ಕ್ಯಾನ್ ಪ್ರತಿಗಳ ಮುಂದೆ ನನ್ನನ್ನು ಕೂರಿಸಿದ್ದು ಈ ಪ್ರಶ್ನೆ.

ಮೊದಲು ಈ ಜಾತಿಯ ಖನಿಜದ ಬಗ್ಗೆ ಎರಡು ಮಾತು. ತಾಮ್ರದ ಸಲ್ಫೇಟ್ ಎಂದರೆ ನಮ್ಮ ಅಡಿಕೆ ತೋಟದವರಿಗೆ ಮೈಲುತುತ್ತ. ಮಳೆಗಾಲದ ಮುಂಚೆ ಸುಣ್ಣದ ಜೊತೆ ಕಲಸಿ, ಬೋರ್ಡೋ ದ್ರಾವಣ ಮಾಡಿ, ಕೊಳೆರೋಗಕ್ಕೆ ಕೊನೆಗಳ ಮೇಲೆ ಹೊಡೆಯುವ ಅದೇ ನೀಲಿ ಹರಳು. ಆ ನೀಲಿಯಲ್ಲಿ ನೀರಿನ ಪಾಲು ದೊಡ್ಡದು. ಹರಳನ್ನು ಬಾಣಲೆಯಲ್ಲಿಟ್ಟು ಚೆನ್ನಾಗಿ ಕಾಯಿಸಿದರೆ ಒಳಗಿನ ನೀರು ಹಾರಿ ಬೂದುಬಿಳಿ ಪುಡಿ ಉಳಿಯುತ್ತದೆ. ನೀರು ಚಿಮುಕಿಸಿದರೆ ಮತ್ತೆ ನೀಲಿ. ಜ್ವಾಲಾಮುಖಿಯ ಬಿರುಕುಗಳಿಂದ ನೂರಾರು ಡಿಗ್ರಿ ಬಿಸಿಯ ಅನಿಲ ಹೊರಬರುತ್ತದಲ್ಲ, ಫ್ಯೂಮರೋಲ್ ಎನ್ನುತ್ತಾರೆ ಆ ಬಿರುಕುಗಳಿಗೆ, ಅಲ್ಲಿ ನೀರು ಹರಳಿನೊಳಗೆ ಸೇರುವ ಪ್ರಶ್ನೆಯೇ ಇಲ್ಲ. ಅನಿಲ ತಾಮ್ರವನ್ನೂ ಕ್ಷಾರ ಲೋಹಗಳನ್ನೂ ಹೊತ್ತು ತರುತ್ತದೆ, ಬಿರುಕಿನ ಬಾಯಲ್ಲಿ ಗಾಳಿ ತಾಗಿ ಉತ್ಕರ್ಷಣವಾಗುತ್ತದೆ, ಕಲ್ಲಿನ ಮೈಮೇಲೆ ನೀರಿಲ್ಲದ ಸಲ್ಫೇಟುಗಳು ಹೊಪ್ಪಳೆಗಟ್ಟುತ್ತವೆ. ನೇಪಲ್ಸ್‌ನ ಪ್ರೊಫೆಸರ್ ಆರ್ಕಾಂಜೆಲೊ ಸ್ಕಾಕಿ (1810–1893) ಇಂಥವನ್ನು ಬಿಡದೆ ಆರಿಸಿದ ಮನುಷ್ಯ. 1868ರ ಲಾವಾದಿಂದ ಅವರು ಎತ್ತಿದ ಒಂದು ಹಸಿರು ಸಲ್ಫೇಟಿಗೆ ಯೂಕ್ಲೋರಿನ್ ಎಂದು ಹೆಸರಿಟ್ಟರು. ಹೆಸರು ನೋಡಿ ಕ್ಲೋರಿನ್ ಇದೆ ಅಂದುಕೊಳ್ಳಬೇಡಿ. ಗ್ರೀಕಿನಲ್ಲಿ ಅದು ಬಣ್ಣದ ಮಾತು ಅಷ್ಟೆ.

ಈ ಹಸಿರು ನೆನಪಿರಲಿ. ಅದೇ 1868ರ ಹಸಿರುಗಳ ನಡುವೆ ಇನ್ನೊಂದು ಹಸಿರೂ ಇತ್ತು. ಅದಕ್ಕೊಂದು ಸ್ವಂತ ಹೆಸರು ಸಿಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಅದೇ ಕರಾಟಿಯೈಟ್.

ಸುಳಿವು ಸಿಕ್ಕಿದ್ದು ಖನಿಜಗಳ ಸಮಾನಾರ್ಥಕ ಪಟ್ಟಿಯಲ್ಲಿ. ಕರಾಟಿಯೈಟ್ ಎಂಬುದರ ಎದುರು ಒಂದೇ ಪದ: ಪೀಪೈಟ್. ಕನ್ನಡದಲ್ಲಿ ಬರೆದರೆ ಜಾತ್ರೆಯಲ್ಲಿ ಮಕ್ಕಳು ಊದುವ ಪೀಪಿ ನೆನಪಾಗುತ್ತದೆ. ಆದರೆ ಇದು ಬೊರಿಸ್ ಇವಾನೊವಿಚ್ ಪೀಪ್ (1906–1966) ಅವರ ಹೆಸರು. ರಷ್ಯಾದ ಕಮ್ಚಾಟ್ಕಾದಲ್ಲಿ ಜ್ವಾಲಾಮುಖಿ ಸಂಶೋಧನಾ ಸಂಸ್ಥೆ ಕಟ್ಟಿದವರು, ಕ್ಲುಚೆವ್ಸ್ಕಯಾ ಪರ್ವತದ ಮೇಲೆ ದೊಡ್ಡ ಗ್ರಂಥ ಬರೆದವರು. ಅವರ ಹೆಸರಿನಲ್ಲಿ ಸಮುದ್ರದಡಿಯ ಜ್ವಾಲಾಮುಖಿಯೂ ಒಂದಿದೆ. ಇಲ್ಲೇ ನಾನು ಒಂದಿಡೀ ಸಂಜೆ ಕಳೆದುಕೊಂಡೆ. ರಷ್ಯನ್ ಅಕ್ಷರದ ಆ ಹೆಸರನ್ನು ರೋಮನ್ ಲಿಪಿಗೆ ತರುವಾಗ ಜ್ವಾಲಾಮುಖಿಗೆ ಒಂದು ಕಾಗುಣಿತ ಬಂದಿದೆ, ಖನಿಜಕ್ಕೆ ಇನ್ನೊಂದು. ಎರಡು ‘ಐ’ ಹಾಕಿ ಹುಡುಕಿದರೆ ಸಮುದ್ರ ಸಿಗುತ್ತದೆ, ‘ವೈ’ ಹಾಕಿದರೆ ಹರಳು. ಬೆಂಗಳೂರು ಪಾಸ್‌ಪೋರ್ಟ್ ಕಚೇರಿಯ ಸಾಲಿನಲ್ಲಿ ನಿಂತವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಸರಿಯಾದ ಕಾಗುಣಿತ ಹಿಡಿದ ಮೇಲೆ ದಾರಿ ನೇರವಾಯಿತು. ಅದು ಹೋಗಿ ನಿಂತದ್ದು ವೆಸೂವಿಯಸ್‌ನಿಂದ ಬಹುದೂರದ ಕಮ್ಚಾಟ್ಕಾದಲ್ಲಿ. ಅಲ್ಲಿನ ಟೊಲ್ಬಾಚಿಕ್ ಜ್ವಾಲಾಮುಖಿಯ ಬುಡದಲ್ಲಿ 1975ರ ಜುಲೈ 6ರಂದು ನೆಲ ಬಿರಿಯಿತು. ಮೊದಲು ಉತ್ತರದ ಬಿರುಕು, ಸೆಪ್ಟೆಂಬರಿನಲ್ಲಿ ದಕ್ಷಿಣದ್ದು. ಎಲ್ಲ ತಣ್ಣಗಾದದ್ದು 1976ರ ಡಿಸೆಂಬರ್ 10ಕ್ಕೆ. ಲಾವಾ ನಿಂತರೂ ಉತ್ತರದ ಬೂದಿಗುಡ್ಡಗಳ ಒಳಗಿನ ಬಿಸಿ ದಶಕಗಟ್ಟಲೆ ಆರಲಿಲ್ಲ. ಆ ಗುಡ್ಡಗಳ ಬಿರುಕುಗಳಲ್ಲಿ ಲಿಡಿಯಾ ವೆರ್ಗಸೋವಾ ಮತ್ತು ಜೊತೆಗಾರರು ವರ್ಷವರ್ಷವೂ ಮಾದರಿ ತೆಗೆದರು. ಸಿಕ್ಕಿದವುಗಳಲ್ಲಿ ಒಂದು, ಪಚ್ಚೆಹಸಿರಿನ ಸಣ್ಣ ಸೂಜಿಗಳು, ಅಲ್ಲಲ್ಲಿ ಹಾವಸೆಯ ಹಾಗೆ ಗುಂಪುಗಟ್ಟಿದ್ದವು. ಗಡಸುತನ ಮೋಸ್ ಮಾಪಕದಲ್ಲಿ ಸುಮಾರು 2.5, ಅಂದರೆ ಹೆಚ್ಚುಕಡಿಮೆ ನಮ್ಮ ಉಗುರಿನಷ್ಟು. ವೆರ್ಗಸೋವಾ, ಫಿಲಾಟೊವ್, ಸೆರಾಫಿಮೋವಾ, ಸ್ತಾರೊವಾ ಈ ನಾಲ್ವರು ಅದನ್ನು ಪೀಪೈಟ್ ಎಂದು ಕರೆದು ಸೋವಿಯತ್ ವಿಜ್ಞಾನ ಅಕಾಡೆಮಿಯ ‘ದೊಕ್ಲಾದಿ’ 275ನೇ ಸಂಪುಟದಲ್ಲಿ ಪ್ರಕಟಿಸಿದರು. ವರ್ಷ ನೋಡಿದೆ: 1984.

ಅದೇ ವರ್ಷ! ಒಂದು ಹರಳು, ಎರಡು ಪತ್ರಿಕೆ, ನಡುವೆ ಶೀತಲ ಸಮರದ ಗೋಡೆ. ಗೋಡೆಯೇ ಕಾರಣ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಎರಡೂ ಲೇಖನಗಳ ಸೂತ್ರಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಬೇರೊಂದು ವಿಷಯ ಕಣ್ಣಿಗೆ ಬಿತ್ತು. ಸೋವಿಯತ್ ಲೇಖನದ ಶೀರ್ಷಿಕೆಯಲ್ಲೇ ಸೂತ್ರವಿದೆ: ಪೊಟ್ಯಾಸಿಯಂ ಎರಡು, ತಾಮ್ರ ಎರಡು, ಒಂಟಿ ಆಮ್ಲಜನಕ ಒಂದು, ಸಲ್ಫೇಟ್ ಎರಡು. ಕ್ಲೋರಿನ್ ಇಲ್ಲ. ಬ್ರಿಟಿಷ್ ಪತ್ರಿಕೆಯ ಲೇಖನದ ಶೀರ್ಷಿಕೆಯಲ್ಲಿ ಕರಾಟಿಯೈಟನ್ನು ತಾಮ್ರ–ಪೊಟ್ಯಾಸಿಯಂಗಳ ‘ಸಲ್ಫೇಟ್-ಕ್ಲೋರೈಡ್’ ಎಂದೇ ಕರೆದಿದ್ದಾರೆ. ಕಾಗದದ ಮೇಲೆ ಇವು ಎರಡು ಬೇರೆ ಖನಿಜಗಳು. ಗೋಡೆ ಇಲ್ಲದಿದ್ದರೂ ಓದುಗ ಎರಡನ್ನೂ ಒಂದು ಎನ್ನುತ್ತಿರಲಿಲ್ಲ.

ಹಾಗಾದರೆ ಆ ಕ್ಲೋರಿನ್ ಎಲ್ಲಿ ಅಡಗಿತ್ತು? ಇದಕ್ಕೆ ಉತ್ತರ ವಿಯೆನ್ನಾದವರ ರಚನೆಯಲ್ಲಿದೆ. ನನ್ನ ಮಟ್ಟಿಗೆ ಇಡೀ ದಾಖಲೆಯಲ್ಲಿ ಅತ್ಯಂತ ಸೊಗಸಿನ ಭಾಗ ಅದು.

ಸಲ್ಫೇಟ್ ಎಂದಾಗ ಮಧ್ಯೆ ಗಂಧಕ, ಸುತ್ತ ನಾಲ್ಕು ಆಮ್ಲಜನಕ ಎಂದು ಶಾಲೆಯಲ್ಲಿ ಚಿತ್ರ ಬರೆಯುತ್ತೇವೆ. ಈ ಹರಳಿನಲ್ಲಿ ಅಂಥ ಸಲ್ಫೇಟುಗಳಿವೆ, ಆದರೆ ಹರಳಿನ ಬೆನ್ನೆಲುಬು ಅವಲ್ಲ. ಬೆನ್ನೆಲುಬಿನಲ್ಲಿ ಚಿತ್ರ ತಲೆಕೆಳಗು: ಮಧ್ಯೆ ಆಮ್ಲಜನಕ, ಸುತ್ತ ನಾಲ್ಕು ತಾಮ್ರ. ನೆಗ್ಗಿಲು ಮುಳ್ಳು ತುಳಿದವರಿಗೆ ಈ ಆಕಾರ ಗೊತ್ತು. ಹೇಗೆ ಬಿದ್ದರೂ ಒಂದು ಮೊನೆ ಮೇಲೆ. ಈ ನೆಗ್ಗಿಲುಗಳ ಒಂದೊಂದು ಮೊನೆಯ ತುದಿಯಲ್ಲೂ ಒಂದು ತಾಮ್ರ. ಪಕ್ಕಪಕ್ಕದ ಎರಡು ನೆಗ್ಗಿಲುಗಳು ಎರಡೆರಡು ತಾಮ್ರಗಳನ್ನು ಹಂಚಿಕೊಳ್ಳುತ್ತವೆ, ಹಾಗೆಯೇ ಸರಪಳಿಯಾಗುತ್ತ ಹೋಗುತ್ತವೆ. ಸರಪಳಿಯ ಮೈಗೆ ಸಲ್ಫೇಟುಗಳು ಜೋತಿವೆ, ಸರಪಳಿಗಳ ನಡುವೆ ಪೊಟ್ಯಾಸಿಯಂ. ಹರಳಿನ ಒಂದು ಘಟಕ ಕೋಶವನ್ನು ಅಳೆದರೆ ತಳ 13.60 ಆಂಗ್‌ಸ್ಟ್ರಾಮ್ ಬಾಹುವಿನ ಚೌಕ, ಎತ್ತರ ಬರೀ 4.98. ಚಪ್ಪಟೆ ಮಣೆಯ ಆಕಾರ. ಇಂಥ ಮಣೆಗಳನ್ನು ಒಂದರ ಮೇಲೊಂದು ಪೇರಿಸುತ್ತ ಹೋದರೆ ಸರಪಳಿ ಬೆಳೆಯುವ ದಿಕ್ಕು ಸಿಗುತ್ತದೆ. ಬಿರುಕಿನಲ್ಲಿ ಕಂಡ ಸೂಜಿ ಉದ್ದವಾಗಿದ್ದದ್ದೂ ಆ ದಿಕ್ಕಿನಲ್ಲೇ.

ಈ ಮಣೆಗಳ ಪೇರಿಕೆಯಲ್ಲಿ ಕೆಳಗಿನಿಂದ ಮೇಲಕ್ಕೆ ಕೊಳವೆಯಂಥ ಜಾಗ ಉಳಿಯುತ್ತದೆ. ಕ್ಲೋರಿನ್ ಕೂತಿರುವುದು ಅಲ್ಲಿ, ಸೋಡಿಯಂ ಅಥವಾ ಸ್ವಲ್ಪ ತಾಮ್ರವನ್ನು ಜೊತೆಗಿಟ್ಟುಕೊಂಡು. ಅಂದರೆ ಮನೆ ಕಟ್ಟಿದವರು ಬೇರೆ, ಒಳಗೆ ಬಾಡಿಗೆಗಿರುವವರು ಬೇರೆ. ಮನೆಯ ವಿದ್ಯುದಂಶದ ಲೆಕ್ಕ ತನ್ನಷ್ಟಕ್ಕೇ ಸರಿಹೋಗುತ್ತದೆ. ಸೋವಿಯತ್ ಸೂತ್ರವನ್ನು ಇಮ್ಮಡಿ ಮಾಡಿ ನೋಡಿ: ನಾಲ್ಕು ಪೊಟ್ಯಾಸಿಯಂ, ನಾಲ್ಕು ತಾಮ್ರ ಸೇರಿ ಧನ ಹನ್ನೆರಡು; ಎರಡು ಆಮ್ಲಜನಕ, ನಾಲ್ಕು ಸಲ್ಫೇಟ್ ಸೇರಿ ಋಣ ಹನ್ನೆರಡು. ಬಾಡಿಗೆದಾರನ ಹೆಸರು ಬಿಟ್ಟು ಬರೆದರೂ ಸೂತ್ರ ಎಲ್ಲೂ ಕುಂಟುವುದಿಲ್ಲ. ಬಿಟ್ಟುಹೋದದ್ದು ಯಾರ ಕಣ್ಣಿಗೂ ಬೀಳದಿರಲು ಇಷ್ಟು ಸಾಕು.

ನಾನೂ ಪೆನ್ಸಿಲ್ ಹಿಡಿದು ಒಂದು ಲೆಕ್ಕ ಹಾಕಿದೆ. ಕೋಶದ ಗಾತ್ರ ಸುಮಾರು 921 ಘನ ಆಂಗ್‌ಸ್ಟ್ರಾಮ್. ಅದರಲ್ಲಿ ಈ ದೊಡ್ಡ ಸೂತ್ರದ ಎರಡು ಕಂತೆ. ಕೊಳವೆ ಖಾಲಿ ಎಂದುಕೊಂಡರೆ ಸಾಂದ್ರತೆ 2.98 ಬರುತ್ತದೆ, ಸೋಡಿಯಂ ಕ್ಲೋರೈಡ್ ಪೂರ್ತಿ ತುಂಬಿದೆ ಎಂದರೆ 3.19. ವ್ಯತ್ಯಾಸ ನೂರಕ್ಕೆ ಏಳು. ಕಡಿಮೆಯೇನಲ್ಲ, ಆದರೆ ಸೂಜಿಮೊನೆಯಷ್ಟು ಮಾದರಿ ಕೈಯಲ್ಲಿದ್ದಾಗ ತಪ್ಪಿಸಿಕೊಳ್ಳದಷ್ಟು ದೊಡ್ಡದೂ ಅಲ್ಲ. ಜೊತೆಗೆ ಅದೇ ಬಿರುಕುಗಳಲ್ಲಿ ಅಡುಗೆ ಉಪ್ಪೂ ಹರಳುಗಟ್ಟುತ್ತದೆ. ವಿಶ್ಲೇಷಣೆಯಲ್ಲಿ ಸೋಡಿಯಂ, ಕ್ಲೋರಿನ್ ಕಂಡರೂ ಅಂಟಿಕೊಂಡ ಉಪ್ಪು ಎಂದು ಕಳೆದುಬಿಡುವುದು ಸಹಜ. ಇದು ನನ್ನ ಊಹೆ; ನಾನೇ ಆ ಜಾಗದಲ್ಲಿದ್ದರೂ ಹಾಗೇ ಮಾಡುತ್ತಿದ್ದೆ.

ಹೆಸರಿನ ತಕರಾರು ಮಾತ್ರ ಹೆಚ್ಚು ಬೆಳೆಯಲಿಲ್ಲ. ಅಂತರರಾಷ್ಟ್ರೀಯ ಖನಿಜಶಾಸ್ತ್ರ ಒಕ್ಕೂಟದ ಸಮಿತಿ ಪ್ರತಿ ಪ್ರಸ್ತಾವಕ್ಕೂ ವರ್ಷದೊಂದಿಗೆ ಕ್ರಮಸಂಖ್ಯೆ ಕೊಡುತ್ತದೆ. ಪೀಪೈಟಿನ ಸಂಖ್ಯೆ 1982ರದ್ದು. ಅಚ್ಚಾದ ವರ್ಷ ಎರಡಕ್ಕೂ ಒಂದೇ ಆದರೂ ಕಮ್ಚಾಟ್ಕಾದ ಅರ್ಜಿಗೆ ಆ ಹಳೆಯ ಸಂಖ್ಯೆಯ ಬೆಂಬಲವಿತ್ತು. ಹೆಸರು ಪೀಪೈಟ್ ಆಗಿಯೇ ಉಳಿಯಿತು. ಆದರೆ ಇವತ್ತು ಆ ಹೆಸರಿನ ಮುಂದೆ ಬರೆಯುವ ಸೂತ್ರದಲ್ಲಿ ಕ್ಲೋರಿನ್ ಇದೆ, ಸೋಡಿಯಂ–ತಾಮ್ರ ಇದೆ. ಅಂದರೆ ಹೆಸರು ಗೆದ್ದವರದು, ಸೂತ್ರ ಸೋತವರದು. ನ್ಯಾಯ ಎಂದೇ ನನಗನ್ನಿಸುತ್ತದೆ.

ಕಮ್ಚಾಟ್ಕಾದವರು ಅಲ್ಲಿಗೆ ನಿಲ್ಲಲಿಲ್ಲ. ಅದೇ ಬಿರುಕುಗಳಿಂದ ಫೆಡೊಟೊವೈಟ್ ಎಂಬ ಇನ್ನೊಂದು ಸಲ್ಫೇಟ್ ತೆಗೆದರು. 1991ರಲ್ಲಿ ಸ್ತಾರೊವಾ, ಫಿಲಾಟೊವ್ ತಂಡವೇ ಅದರ ರಚನೆ ಬಿಡಿಸಿ, ‘ಮಿನರಲಾಜಿಕಲ್ ಮ್ಯಾಗಜೀನ್’ನಲ್ಲೇ ಪ್ರಕಟಿಸಿತು. ಅಲ್ಲೂ ಆಮ್ಲಜನಕದ ಸುತ್ತ ತಾಮ್ರ. 2018ರಲ್ಲಿ ಭೌತವಿಜ್ಞಾನಿಗಳು ಆ ಹರಳಿನ ತಾಮ್ರದ ಗುಚ್ಛಗಳಲ್ಲಿ ಹಾಲ್ಡೇನ್ ಸ್ಥಿತಿ ಎಂಬ ವಿಚಿತ್ರ ಕಾಂತೀಯ ನಡವಳಿಕೆ ಕಂಡರು. ಅದರ ಕಥೆ ಬೇರೆಯದೇ.

ಕೊನೆಗೊಂದು ಕೋರಿಕೆ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿಯ ಕಪ್ಪುಕಲ್ಲೂ ಲಾವಾವೇ, ಆದರೆ ಆರೂವರೆ ಕೋಟಿ ವರ್ಷಗಳ ಮಳೆ ತಿಂದದ್ದು. ನೀರಿಗೆ ಸೋಲುವ ಇಂಥ ಸಲ್ಫೇಟುಗಳನ್ನು ಅಲ್ಲಿ ಹುಡುಕಿ ಫಲವಿಲ್ಲ. ಇದ್ದರೆ ಹಳೆಯ ಕಾಲೇಜುಗಳ ಭೂವಿಜ್ಞಾನ ವಿಭಾಗದ ಕಪಾಟುಗಳಲ್ಲಿ, ಹಿಂದೆ ಯುರೋಪಿನಿಂದ ಕೊಂಡು ತರಿಸಿದ ಮಾದರಿಗಳ ನಡುವೆ ಇರಬೇಕು. ‘ವೆಸೂವಿಯಸ್, 1868’ ಎಂದು ಬರೆದ, ಹಸಿರು ಪೊರೆ ಹತ್ತಿದ ಕಲ್ಲೊಂದು ನಿಮ್ಮ ಕಣ್ಣಿಗೆ ಬಿದ್ದರೆ, ಮೇಲೆ ಯೂಕ್ಲೋರಿನ್ ಎಂದಿರಲಿ ಏನೇ ಇರಲಿ, ಆ ಚೀಟಿಯನ್ನು ಕೀಳಬೇಡಿ. ಧೂಳಾಗಿದೆ ಎಂದು ಕಲ್ಲನ್ನು ತೊಳೆಯಲಂತೂ ಹೋಗಬೇಡಿ.